ಪಟಾಕಿಯ ಕವಚ

ಪಟಾಕಿ, ಬಿರುಸು, ಬಾಣಗಳಲ್ಲಿ ಮದ್ದನ್ನು ಹಿಡಿದಿಡುವ ಹೊರಕೋಶವೇ ಕವಚ. ಬಯಲಲ್ಲಿ ಸುರಿದ ಕರಿಮದ್ದಿಗೆ ಕಿಡಿ ತಾಗಿಸಿದರೆ ಅದು ಭುಸ್ಸೆಂದು ಉರಿದುಹೋಗುತ್ತದೆ, ಸಿಡಿಯುವುದಿಲ್ಲ. ಅದನ್ನೇ ಬಿಗಿಯಾಗಿ ಸುತ್ತಿ ಮುಚ್ಚಿದರೆ ಒಳಗೆ ಹುಟ್ಟಿದ ಅನಿಲಕ್ಕೆ ದಾರಿ ಸಿಗದೆ ಒತ್ತಡ ಏರುತ್ತದೆ, ಕವಚ ಒಡೆದು ಸದ್ದಾಗುತ್ತದೆ. ಒಂದು ತುದಿಯಲ್ಲಿ ಕಿರಿದಾದ ಬಾಯಿ ಬಿಟ್ಟರೆ ಬಾಣವಾಗಿ ಹಾರುತ್ತದೆ. ಒತ್ತಡ ಏರದಷ್ಟು ತೆರೆದ ಬಾಯಿ ಇಟ್ಟರೆ ಹೂಕುಂಡವಾಗಿ ಕಿಡಿ ಚೆಲ್ಲುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲಿನ ಹದದ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಮದ್ದು ಏನು ಮಾಡಬೇಕೆಂದು ಕೊನೆಗೆ ತೀರ್ಮಾನಿಸುವುದು ಕವಚವೇ.

ಕವಚಗಳಲ್ಲಿ ಬಿದಿರು ಎಲ್ಲಕ್ಕಿಂತ ಹಳೆಯದು. ಮದ್ದು ಬರುವುದಕ್ಕೂ ಮೊದಲೇ ಚೀನಾದಲ್ಲಿ ಬಿದಿರಿನ ತುಂಡುಗಳನ್ನು ಬೆಂಕಿಗೆ ಹಾಕುವ ರೂಢಿಯಿತ್ತು. ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ ಮತ್ತು ತೇವ ಕಾದು ಬಿದಿರು ಸಿಡಿಯುತ್ತಿತ್ತು. ಆ ಸದ್ದಿಗೆ ಪೀಡೆಪಿಶಾಚಿಗಳು ಓಡಿಹೋಗುತ್ತವೆಂದು ಜನ ನಂಬಿದ್ದರು. ಸಾಂಗ್ ರಾಜವಂಶದ ಕಾಲದಲ್ಲಿ (960–1279) ಕಾಗದದ ಸುರುಳಿಯೊಳಗೆ ಮದ್ದು ತುಂಬಿದ ಪಟಾಕಿ ಬಳಕೆಗೆ ಬಂತು. ಆದರೂ ಬಿದಿರು ಮರೆಯಾಗಲಿಲ್ಲ. ಪಟಾಕಿ ಸುತ್ತುವ ಒರಟು ಕಾಗದವನ್ನು ಬಿದಿರಿನ ನಾರಿನಿಂದಲೂ ತಯಾರಿಸುತ್ತಿದ್ದರು.

ಬಿದಿರಿನ ಕವಚವನ್ನು ಅದರ ಮೂಲರೂಪದಲ್ಲಿ ಇಂದಿಗೂ ನೋಡಬೇಕೆಂದರೆ ಜಪಾನಿನ ಟೊಯೊಹಾಶಿ ನಗರಕ್ಕೆ ಹೋಗಬೇಕು. ಅಲ್ಲಿನ ಯೊಶಿದಾ ದೇಗುಲದ ಉತ್ಸವದಲ್ಲಿ ಗಂಡಸರು ಬಿರುಸಿನ ಕೊಳವೆಯನ್ನು ತೋಳಲ್ಲಿ ತಬ್ಬಿ ನಿಲ್ಲುತ್ತಾರೆ, ಕಿಡಿಯ ಕಂಬ ಅವರ ತಲೆಯ ಮೇಲೆ ಹಲವು ಮೀಟರ್ ಎತ್ತರಕ್ಕೆ ಏಳುತ್ತದೆ. ದಪ್ಪ ಬಿದಿರನ್ನು ಕಡಿದು, ಒಳಗಿನ ಗೆಣ್ಣುಗಳನ್ನು ಒಡೆದು, ಒಳಮೈಯನ್ನು ಉಜ್ಜಿ ನಯಗೊಳಿಸುತ್ತಾರೆ. ಹೊರಗೆ ಗೋಣಿತಟ್ಟು ಸುತ್ತಿ, ಅದರ ಮೇಲೆ ಹುರಿಹಗ್ಗವನ್ನು ಎಳೆಗೆ ಎಳೆ ತಾಗುವಂತೆ ಬಿಗಿಯುತ್ತಾರೆ. ಬಿದಿರು ಉದ್ದಕ್ಕೆ ಸೀಳುವ ಜಾತಿ. ಅಡ್ಡ ಸುತ್ತಿದ ಹಗ್ಗ ಆ ಸೀಳನ್ನು ತಡೆಯುತ್ತದೆ. ಯಾರು ಹಿಡಿಯುತ್ತಾರೋ ಕೊಳವೆಯನ್ನು ಅವರೇ ಸಿದ್ಧಪಡಿಸುವುದು ಅಲ್ಲಿನ ಸಂಪ್ರದಾಯ.

ಭಾರತದ ಬಾಣಬಿರುಸಿನ ಚರಿತ್ರೆಯಲ್ಲಿ ವಿಜಯನಗರಕ್ಕೆ ದೊಡ್ಡ ಸ್ಥಾನವಿದೆ. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಸಂಭ್ರಮದಲ್ಲಿ ಬಾಣಬಿರುಸು ನೋಡಿದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಉರಿಯುತ್ತ ಬಾಣಗಳನ್ನು ಚಿಮ್ಮಿಸುವ ಕೋಟೆಯಾಕಾರಗಳ ಬಗ್ಗೆ ಬರೆದಿದ್ದಾನೆ. ಅವುಗಳ ಕವಚ ಯಾವುದರದೆಂದು ಇಬ್ಬರೂ ಗಮನಿಸಿಲ್ಲ. ಒರಿಸ್ಸಾದ ಗಜಪತಿ ಪ್ರತಾಪರುದ್ರನ ಹೆಸರಿನಲ್ಲಿರುವ ಸಂಸ್ಕೃತದ ‘ಕೌತುಕಚಿಂತಾಮಣಿ’ಯಲ್ಲಿ ಬಿರುಸುಗಳ ಪಾಕವಿಧಾನಗಳೇ ಸಿಗುತ್ತವೆ. ಈ ಚದುರಿದ ಆಧಾರಗಳನ್ನೆಲ್ಲ ಒಟ್ಟುಗೂಡಿಸಿದ ಸಂಶೋಧಕ ಪಿ.ಕೆ. ಗೋಡೆಯವರ ಪ್ರಬಂಧ 1953ರಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತು.

ಕೇರಳ ಮತ್ತು ತಮಿಳುನಾಡಿನ ಓಲೆಪಟಾಕಿ ಅತ್ಯಂತ ಸರಳವಾದ ಕವಚ. ತಾಳೆಗರಿಯ ಪಟ್ಟಿಯ ತುದಿಯಲ್ಲಿ ಚಿಟಿಕೆ ಮದ್ದು, ಒಂದು ಬತ್ತಿ ಇಟ್ಟು, ಸಮೋಸದಂತೆ ಮೂಲೆಯಿಂದ ಮೂಲೆಗೆ ಮಡಿಚಿ ತುದಿಯನ್ನು ಮಡಿಕೆಯೊಳಗೆ ಸಿಕ್ಕಿಸಿದರೆ ಮುಗಿಯಿತು. ಹೂಕುಂಡಗಳಿಗೆ ಕುಂಬಾರರು ಸುಟ್ಟ ಮಣ್ಣಿನ ಕುಡಿಕೆ ಮಾಡಿಕೊಡುತ್ತಿದ್ದರು. ಕುಡಿಕೆ ಬೆಂಕಿಗೆ ಜಗ್ಗುವುದಿಲ್ಲ, ಆದರೆ ಬಾಯಿ ಕಟ್ಟಿಕೊಂಡರೆ ಚೂರುಗಳು ಕಣ್ಣುಮುಖಕ್ಕೆ ಹಾರುತ್ತವೆ. ಈ ಅಪಾಯವಿಲ್ಲದ ಕಾಗದದ ಶಂಕು ಅದರ ಜಾಗಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಕೇರಳದ ದೇವಸ್ಥಾನಗಳ ಕದಿನದ ಲೆಕ್ಕವೇ ಬೇರೆ: ಗಟ್ಟಿ ಕಬ್ಬಿಣದ ಕುಡಿಕೆಯಲ್ಲಿ ಮದ್ದು ಜಡಿದು ಸಿಡಿಸುತ್ತಾರೆ, ಕುಡಿಕೆ ಒಡೆಯುವುದಿಲ್ಲ, ಮತ್ತೆ ತುಂಬಿಸಬಹುದು.

ಕಬ್ಬಿಣದ ಕವಚ ಜಗತ್ತಿನ ಗಮನ ಸೆಳೆದದ್ದು ಮೈಸೂರಿನ ರಾಕೆಟ್ಟುಗಳಿಂದ. ಹೈದರಾಲಿ, ಟಿಪ್ಪುಗಳ ಸೇನೆ ಬಡಿದು ಮಾಡಿದ ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಚರ್ಮದ ಪಟ್ಟಿಯಿಂದ ಬಿದಿರ ಗಳಕ್ಕೆ ಕಟ್ಟಿ ಹಾರಿಸುತ್ತಿತ್ತು. ಕಾಗದ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದ ಮದ್ದು ಹೆಚ್ಚು ಹಿಡಿಯುತ್ತಿತ್ತು, ಬಾಣ ಹೆಚ್ಚು ದೂರ ಹೋಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಮೊದಲು ಕಾಗದದ ಕವಚದಿಂದಲೇ ಪ್ರಯೋಗ ಶುರುಮಾಡಿ, ಕೊನೆಗೆ ಕಬ್ಬಿಣಕ್ಕೇ ಬಂದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಮೈಸೂರಿನ ಇಂಥ ಸುಮಾರು ಸಾವಿರ ಕೊಳವೆಗಳು ಸಿಕ್ಕವು. ಕಬ್ಬಿಣವಾದ್ದರಿಂದ ಅವು ಉಳಿದವು. ಅದೇ ಕಾಲದ ಓಲೆ, ಬಿದಿರು, ಕಾಗದದ ಕವಚಗಳು ಹೊತ್ತಿಸಿದ ರಾತ್ರಿಯೇ ಬೂದಿಯಾದವು. ನಮ್ಮ ಬಾಣಬಿರುಸಿನ ಚರಿತ್ರೆ ಯುದ್ಧದ ಕಡೆಗೆ ವಾಲಿರುವುದಕ್ಕೆ ಇದೂ ಒಂದು ಕಾರಣ.

ಯುರೋಪಿನ ಹಬ್ಬದ ಬಾಣಗಳು ಶತಮಾನಗಳ ಕಾಲ ಕಾಗದವನ್ನೇ ನೆಚ್ಚಿದ್ದವು. ಕಡ್ಡಿಯ ಮೇಲೆ ಅಂಟು ಸವರಿದ ಕಾಗದವನ್ನು ಸುತ್ತಿ, ಒಣಗುವ ಮೊದಲೇ ಒಂದು ತುದಿಗೆ ದಾರ ಬಿಗಿದು ಕತ್ತು ಹಿಸುಕಿದರೆ ಬಾಣದ ಬಾಯಿ ಸಿದ್ಧ. ಬೇಗ ಹೊತ್ತಿಕೊಳ್ಳದಿರಲೆಂದು ಅಂಟಿಗೆ ಪಟಕ ಸೇರಿಸುವುದಿತ್ತು. ಆಕಾಶದಲ್ಲಿ ಒಡೆಯುವ ಗುಂಡಿನಲ್ಲಿ ಇಟಲಿಯವರದು ಒಂದು ದಾರಿ, ಜಪಾನಿನವರದು ಇನ್ನೊಂದು. ಇಟಲಿಯವರು ಕಾಗದದ ಉರುಳೆಗೆ ದಾರ ಹೆಣೆದು ಬಿಗಿಯುತ್ತಾರೆ. ಜಪಾನಿನವರು ಕಾಗದದ ಎರಡು ಅರ್ಧಗೋಳಗಳನ್ನು ಕೂಡಿಸಿ ಸುತ್ತಲೂ ಪದರ ಪದರವಾಗಿ ಕಾಗದ ಅಂಟಿಸುತ್ತಾರೆ. ಗೋಳದ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಮಾತ್ರ ಮೇಲೆ ಅರಳುವ ಹೂವು ದುಂಡಗಿರುತ್ತದೆ. ಜಪಾನಿನ ಹೂವು ಅಷ್ಟು ಚೆಂದ ಕಾಣುವುದರ ಹಿಂದೆ ಈ ಅಂಟಿಸುವ ಕೈಗಳ ತಾಳ್ಮೆ ಇದೆ.

1920ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಕೆಲಸ ಕಲಿತು ಬಂದ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಅವರಿಂದ ಶಿವಕಾಶಿಯ ಉದ್ಯಮ ಬೆಳೆಯಿತು. ಅಲ್ಲಿ ಪಟಾಕಿಗೂ ಮುದ್ರಣಕ್ಕೂ ಒಂದೇ ಊರು. ಬಣ್ಣಬಣ್ಣದ ಚೀಟಿಗಳು ಅಲ್ಲೇ ಅಚ್ಚಾಗುತ್ತವೆ. ಸಣ್ಣ ಪಟಾಕಿಗೆ ಕಾಗದದ ಕೊಳವೆ, ಅದರ ತುದಿ ಮುಚ್ಚಲು ಮಣ್ಣು. ಆಟಂ ಬಾಂಬಿಗೆ ಒಳಗಿನ ಪುಟ್ಟ ಪೊಟ್ಟಣದ ಮೇಲೆ ಸೆಣಬಿನ ಹುರಿಯನ್ನು ಹಲವು ಸುತ್ತು ಬಿಗಿದು ಅಂಟು ಹಾಕುತ್ತಾರೆ. ಅದರ ಸದ್ದಿನ ಬಲವೆಲ್ಲ ಈ ಹುರಿಯ ಬಿಗಿಯಲ್ಲಿದೆ.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಕಾಶಗುಂಡುಗಳಿಗೆ ಪ್ಲಾಸ್ಟಿಕ್ ಅರ್ಧಗೋಳಗಳು ಬಂದವು. ಕೆಲಸ ಬೇಗ ಮುಗಿಯುತ್ತದೆ, ಆದರೆ ಚೂರು ನೆಲದಲ್ಲಿ ಕೊಳೆಯುವುದಿಲ್ಲ. ಕಾಗದವೂ ಹೊರೆಯಾಗದೆ ಇಲ್ಲ. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಸರಪಟಾಕಿಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಹೊಗೆ ಮತ್ತು ಸದ್ದಿನ ಜೊತೆಗೆ, ಅವು ಬಿಟ್ಟುಹೋಗುವ ಕಸವನ್ನೂ ಕಾರಣವಾಗಿ ಹೇಳಿತು.