ಬಿಟ್ಟ ಮೇಲಿನ ದಿನಗಳು: ಉತ್ತರ ಕನ್ನಡ ಕರಾವಳಿಯಲ್ಲಿ ವ್ಯಸನಮುಕ್ತಿಯ ನಡೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ಕುಡಿತವನ್ನು ಎದುರಿಸುವ ಪ್ರಯತ್ನಗಳು ಕಾನೂನಾಗಿ, ವ್ರತವಾಗಿ, ಚಿಕಿತ್ಸೆಯಾಗಿ ಒಂದರ ಮೇಲೊಂದು ಬಂದು ಸೇರಿದವು. ಕುಡಿತ ಬಿಟ್ಟವನ ಜೊತೆಗೆ ಮುಂದಿನ ದಿನಗಳಲ್ಲೂ ಯಾರಾದರೂ ಇರಬೇಕೆಂಬ ತಿಳಿವಳಿಕೆ ಮಾತ್ರ ಎಲ್ಲಕ್ಕಿಂತ ತಡವಾಗಿ ಬೇರೂರಿತು.

ಕಾನೂನಿನ ಕಥೆ ಹಳೆಯದು. 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ಈ ಜಿಲ್ಲೆಗೆ 1878ರ ಮುಂಬೈ ಅಬಕಾರಿ ಕಾಯಿದೆ ಅನ್ವಯವಾದಾಗ, ಮನೆಯ ಹಿತ್ತಲಿನ ತೆಂಗು, ಬೈನೆ ಮರಗಳಿಂದ ಕಳ್ಳು ಇಳಿಸುವ ಕಸುಬು ಸರ್ಕಾರದ ತೆರಿಗೆಯ ಬಾಬತ್ತಾಯಿತು. ಆ ಆದಾಯದ ವಿರುದ್ಧ ಗಾಂಧೀಜಿ 1930ರಲ್ಲಿ ಶೆರೆ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸುವ ಹೊಣೆಯನ್ನು ವಿಶೇಷವಾಗಿ ಮಹಿಳೆಯರಿಗೆ ಒಪ್ಪಿಸಿದರು; ಸ್ವಾತಂತ್ರ್ಯಾನಂತರ 1950ರಲ್ಲಿ ಮುಂಬೈ ರಾಜ್ಯ ಸಂಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆಯಲ್ಲಿ ಆ ನಿರ್ಬಂಧ ಮುಂದುವರಿದು, 1967ರಲ್ಲಿ ರಾಜ್ಯವೇ ಅದನ್ನು ಕೈಬಿಟ್ಟಿತು. ಮತ್ತೆ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಅಗ್ಗದ ಪೊಟ್ಟಣಗಳು ಮರೆಯಾದವಾದರೂ ಉಳಿದ ಮದ್ಯದ ಮಾರಾಟ ನಿಲ್ಲಲಿಲ್ಲ, ಉತ್ತರದಲ್ಲಿ ಗೋವೆಯ ಗಡಿಯೂ ದೂರವಿರಲಿಲ್ಲ. ಅಂಗಡಿಯ ಬಾಗಿಲನ್ನು ಮುಚ್ಚಬಲ್ಲ ಕಾನೂನಿಗೆ, ಬೆಳಗಾದರೆ ಕೈ ನಡುಗುವ ಮನುಷ್ಯನಿಗೆ ಹೇಳಲು ಏನೂ ಇರಲಿಲ್ಲ.

ವ್ರತದ ದಾರಿ ಮನುಷ್ಯನನ್ನೇ ಉದ್ದೇಶಿಸಿತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ಸುತ್ತಿ, ಭಿಕ್ಷೆಯಾಗಿ ಜನರ ದುಶ್ಚಟಗಳನ್ನೇ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಕರಾವಳಿಯಲ್ಲಿ ನಾರಾಯಣ ಗುರುಗಳ ಮದ್ಯವಿರೋಧಿ ಬೋಧೆಗೂ ಗೌರವದ ಸ್ಥಾನವಿದೆ. ನಾಲ್ಕು ಜನರ ಎದುರಿಗೆ, ದೇವರ ಸಾಕ್ಷಿಯಾಗಿ ಆಡಿದ ಮಾತಿಗೆ ನಿಜವಾದ ಬಲವುಂಟು. ಆದರೆ ವ್ರತವು ಬಿಡುವುದನ್ನು ಒಂದೇ ದಿನದ ನಿರ್ಧಾರವೆಂದು ಎಣಿಸುತ್ತದೆ. ಎಡವಿದವನು ಆಣೆ ಮುರಿದ ಪಾಪಿಯಾಗಿ ಮುಖ ಮರೆಸಿಕೊಂಡು ತಿರುಗುವಂತಾಗುವುದು ಅದರ ದೊಡ್ಡ ತೊಡಕು.

ಈ ತೊಡಕನ್ನು ವೈದ್ಯಶಾಸ್ತ್ರ ಬಿಡಿಸತೊಡಗಿತು. ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಅಮೆರಿಕದ ಮಿಲ್ಟನ್ ಗ್ರಾಸ್ 1976ರಲ್ಲಿ ಮದ್ಯಾವಲಂಬನೆಯನ್ನು ಹಲವು ಲಕ್ಷಣಗಳು ಕೂಡಿದ ಒಂದು ಸ್ಥಿತಿಯೆಂದು ವಿವರಿಸಿದರು: ಕುಡಿಯಲೇಬೇಕೆಂಬ ತುಡಿತ, ಅಷ್ಟೇ ಅಮಲಿಗೆ ಬರಬರುತ್ತ ಹೆಚ್ಚು ಬೇಕಾಗುವುದು, ನಿಲ್ಲಿಸಿದೊಡನೆ ನಡುಕ, ಬೆವರು, ನಿದ್ರಾಹೀನತೆಗಳು ಕಾಣಿಸಿಕೊಳ್ಳುವುದು ಅವುಗಳಲ್ಲಿ ಮುಖ್ಯವಾದವು. ತೀವ್ರ ಅವಲಂಬನೆಯಿರುವವರಲ್ಲಿ ಏಕಾಏಕಿ ನಿಲ್ಲಿಸುವುದರಿಂದ ಸೆಳವು ಮತ್ತು ಬುದ್ಧಿಭ್ರಮೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದಾದ್ದರಿಂದ, ಮೊದಲ ವಾರದ ವೈದ್ಯಕೀಯ ನಿಗಾ ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವದ ಪೂರೈಕೆ ಚಿಕಿತ್ಸೆಯ ಅಡಿಪಾಯವಾದವು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಸ್ಥಾಪಿಸಿದ ಸಂಸ್ಥೆ, 1991ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೆರೆದ ವ್ಯಸನಮುಕ್ತಿ ಘಟಕ ದಕ್ಷಿಣ ಭಾರತಕ್ಕೆ ಮಾದರಿಯಾದವು.

ಆಸ್ಪತ್ರೆಯಿಂದ ಹೊರಬಿದ್ದ ಮೇಲಿನ ಬದುಕಿಗೆ ಉತ್ತರ ಹುಡುಕಿದವರು ಮಾತ್ರ ಸ್ವತಃ ಕುಡಿತದಲ್ಲಿ ನೊಂದವರು. ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ 1935ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಬಯಲು ಮಾಡದೆ ಕೂಡಿ ಮಾತಾಡುವ ಮದ್ಯವ್ಯಸನಿಗಳ ಕೂಟ, 1957ರಲ್ಲಿ ಮುಂಬೈಗೆ ಬಂದಿತು. ಜೀವನಪೂರ್ತಿ ಬಿಡುತ್ತೇನೆಂಬ ಆಣೆಯ ಬದಲು ಇವತ್ತೊಂದು ದಿನ ಕುಡಿಯದಿರುವ ಅಲ್ಲಿನ ಕ್ರಮ, ವ್ರತದ ಭಾರವನ್ನು ಹೊರಬಲ್ಲಷ್ಟಕ್ಕೆ ಇಳಿಸಿತು. ಆದರೆ ಎಲ್ಲರಿಗೂ ಎಲ್ಲರ ಗುರುತಿರುವ ಭಟ್ಕಳ ತಾಲ್ಲೂಕಿನ ಬೆಳಕೆಯಂಥ ಊರಿನಲ್ಲಿ ಹೆಸರು ಮರೆಸಿ ಕೂರುವುದು ಸುಲಭವಲ್ಲ.

ಆ ಗುರುತನ್ನೇ ಆಸರೆಯಾಗಿ ಮಾಡಿಕೊಂಡದ್ದು ಧರ್ಮಸ್ಥಳದ ಪ್ರಯೋಗದ ಹೆಗ್ಗಳಿಕೆ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಜನಜಾಗೃತಿ ವೇದಿಕೆ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಸುಮಾರು ಎಂಟು ದಿನಗಳ ಶಿಬಿರವನ್ನು ಊರಿನವರೇ ಸಮಿತಿ ಕಟ್ಟಿಕೊಂಡು ಸಭಾಭವನದಲ್ಲೋ ದೇವಸ್ಥಾನದ ಆವರಣದಲ್ಲೋ ನಡೆಸುತ್ತಾರೆ; ಯೋಗ, ಭಜನೆ, ಆಪ್ತಸಲಹೆ, ಗುಂಪುಚರ್ಚೆಗಳ ನಡುವೆ ಮನೆಯವರನ್ನೂ ಕರೆಸಿ ಕೂರಿಸಲಾಗುತ್ತದೆ. ಹೊರಬಂದ ಶಿಬಿರಾರ್ಥಿಗಳು ನವಜೀವನ ಸಮಿತಿಗಳಾಗಿ ಕೂಡುತ್ತಾರೆ, ನೂರು ದಿನ ತುಂಬಿದಾಗ ಶತದಿನೋತ್ಸವ ನಡೆಯುತ್ತದೆ. ಕುಡುಕನೆಂದು ಕರೆಸಿಕೊಂಡವನು ಅದೇ ಊರಿನ ವೇದಿಕೆಯಲ್ಲಿ ಹೆಂಡತಿ ಮಕ್ಕಳ ಜೊತೆ ಗೌರವ ಪಡೆಯುವ ಆ ದಿನ, ಕಳೆದುಹೋದ ಮರ್ಯಾದೆಯನ್ನು ಊರೇ ಹಿಂತಿರುಗಿಸುವ ಅಪರೂಪದ ಏರ್ಪಾಡು. ಆದರೆ ಶಿಬಿರದ ಭಾಷೆ ಭಕ್ತಿಯದು, ನಡೆ ಬಹಿರಂಗದ್ದು; ಹಾಗಾಗಿ ಬೇರೆ ನಂಬಿಕೆಯವರಿಗೂ, ಗುಟ್ಟಾಗಿಯೇ ನರಳುವ ಹೆಂಗಸರಿಗೂ ಅದು ಸಮನಾಗಿ ತಲುಪುವುದು ಕಷ್ಟ.

ಚಿಕಿತ್ಸೆಯೂ ಎಲ್ಲರನ್ನು ತಲುಪಿಲ್ಲ. ಭಾರತ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ದಾಖಲಾದವರು 180ರಲ್ಲಿ ಒಬ್ಬರು. ಕರ್ನಾಟಕದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರ ಭೇಟಿ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ಈ ಅಂತರವನ್ನು ಕಿರಿದಾಗಿಸಲು ಬಂದವು.

ಕರಾವಳಿಗೆ ತನ್ನದೇ ಆದ ಋತುಮಾನವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಬೋಟುಗಳು ದಡ ಸೇರಿ, ಮಳೆಯೊಂದಿಗೆ ಕೆಲಸವಿಲ್ಲದ ಬಿಡುವೂ ಬರುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದೊಡನೆ ಕೈಗೆ ರೊಕ್ಕ ಬರುತ್ತದೆ, ಹಳೆಯ ಜೊತೆಗಾರರೂ ಸಿಗುತ್ತಾರೆ. ಮರುಕಳಿಕೆಗೆ, ಅಂದರೆ ಬಿಟ್ಟ ಕುಡಿತ ಮತ್ತೆ ಹಿಡಿಯುವುದಕ್ಕೆ, ಖಾಲಿ ಹೊತ್ತು ಮತ್ತು ತುಂಬಿದ ಜೇಬು ಎರಡೂ ಕಾರಣವಾಗುತ್ತವೆ. ಮೇ ತಿಂಗಳಲ್ಲಿ ಶಿಬಿರ ಮುಗಿಸಿದ ಮೀನುಗಾರನ ನೂರು ದಿನಗಳ ಲೆಕ್ಕದೊಳಗೆ ಈ ಎರಡೂ ಕಾಲಗಳು ಬಂದುಹೋಗುತ್ತವೆ, ಮತ್ತು ನವಜೀವನ ಸಮಿತಿಯ ಸಭೆಗೆ ಅವನು ಬರದೆ ಹೋದ ಸಂಜೆ ಯಾರಾದರೂ ಅವನ ಮನೆಯವರೆಗೆ ಹೋಗಿ ವಿಚಾರಿಸಬೇಕಾದ ಕಾಲ ಅದೇ ಆಗಿರುತ್ತದೆ.