ಹಳೇ ಕಥೆ, ಭಾಗ 6: ತಲೆಬುರುಡೆಯಲ್ಲೊಂದು ಗೂಡು

ನಮ್ಮಕ್ಕನ ಮಗ ಹೋದ ತಿಂಗಳು ಮಂಚದಿಂದ ಬಿದ್ದ. ಪೆಟ್ಟೇನೂ ಆಗಿರಲಿಲ್ಲ. ಆದ್ರೂ ಅಕ್ಕ ಅವನ ಕಿವಿ ಹಿಂದೆ ಸವರಿ ಸವರಿ ನೋಡ್ತಾನೇ ಇದ್ಲು. ಅಲ್ಲಿ ಚರ್ಮದ ಅಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಜಾರಿಬಿಟ್ರೆ ಅನ್ನೋದೇ ಅವಳ ಭಯ. ಅಕೌಂಟ್ಸ್ ಪುಸ್ತಕ ಪಕ್ಕಕ್ಕಿಟ್ಟು ಇದರ ಇತಿಹಾಸ ಓದೋಕೆ ಕೂತೆ. (ಇಂಟರ್ನಲ್ಸ್ ಕಥೆ ಕೇಳಬೇಡಿ.)

ಹೊರಗಿನ ಮೈಕ್ ಹಿಡಿದ ಶಬ್ದ, ಚರ್ಮದೊಳಗಿನ ಬಿಲ್ಲೆಗೆ ಹೋಗಿ, ಅಲ್ಲಿಂದ ತೆಳು ತಂತಿ ಮೂಲಕ ಒಳಕಿವಿಯ ನರಕ್ಕೆ ಕರೆಂಟಾಗಿ ಮುಟ್ಟುತ್ತೆ. ಅಂದ್ರೆ ಬಿಲ್ಲೆ ಕದಲಬಾರದು, ತಂತಿ ಸರಿಯಬಾರದು.

1957, ಪ್ಯಾರಿಸ್. ಜೂರ್ನೋ ಮತ್ತು ಎರಿಯೆಸ್ ಅನ್ನೋ ಇಬ್ಬರು ಪೂರ್ತಿ ಕಿವುಡಾಗಿದ್ದ ಒಬ್ಬರ ಶ್ರವಣ ನರಕ್ಕೆ ತಂತಿ ಮುಟ್ಟಿಸಿದ್ರು. ಸುರುಳಿಯನ್ನ ಇಟ್ಟಿದ್ದು ಕಿವಿ ಮೇಲಿನ ಸ್ನಾಯುವಿನಲ್ಲಿ, ನಾವು ಅಗಿಯುವಾಗ ಆಡುತ್ತಲ್ಲ, ಅದೇ. ಅವರಿಗೆ ಶಬ್ದ ಕೇಳಿಸ್ತು! ಆದ್ರೆ ಕೆಲವೇ ವಾರಗಳಲ್ಲಿ ತಂತಿ ಮುರೀತು. ಇನ್ನೊಂದು ಹಾಕಿದ್ರು, ಅದೂ ಕೆಟ್ಟಿತು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. 1977, ಆಸ್ಟ್ರೇಲಿಯಾದ ಮಿನ್ನಮುರ್ರಾ ಕಡಲತೀರ. ಡಾಕ್ಟರ್ ಗ್ರೇಮ್ ಕ್ಲಾರ್ಕ್ ಅವರ ಅಪ್ಪನಿಗೇ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಸುರುಳಿಯಾಗಿರೋ ಒಳಕಿವಿಯೊಳಗೆ ತಂತಿಯನ್ನ ಆಳಕ್ಕೆ ತೂರಿಸೋದು ಹೇಗೆ ಅಂತ ಅವರಿಗೆ ತಲೆಬಿಸಿ. ರಜೆಗೆ ಹೋದವರು ಅಲ್ಲಿ ಒಂದು ಚಿಪ್ಪು ಎತ್ತಿಕೊಂಡು, ಅದರೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದ್ರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದ ಎಸಳು ಸರಾಗ ಸುತ್ತಿಕೊಂಡು ಹೋಯ್ತು! ಮರುವರ್ಷ, 1978ರ ಆಗಸ್ಟ್ 1ಕ್ಕೆ, ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಅನ್ನೋರಿಗೆ ಆಪರೇಷನ್ ಆಯ್ತು.

ಬಿಲ್ಲೆ ಕದಲದಂತೆ ಏನು ಮಾಡ್ತಿದ್ರು ಗೊತ್ತಾ? ಕಿವಿ ಹಿಂದಿನ ಮೂಳೆಯನ್ನ ಡ್ರಿಲ್‌ನಿಂದ ಕೊರೆದು ಒಂದು ಗೂಡು. ಅಕ್ಕಪಕ್ಕ ಸಣ್ಣ ತೂತು, ಅದರಲ್ಲಿ ದಾರ ಪೋಣಿಸಿ ಬಿಗಿ. ಗಟ್ಟಿಯೇನೋ ಹೌದು, ಆದ್ರೆ ಮಕ್ಕಳ ಬುರುಡೆ ತೆಳು, ಸ್ವಲ್ಪ ಹೆಚ್ಚು ಕೊರೆದ್ರೂ ಮಿದುಳಿನ ಹೊದಿಕೆ ಸಿಗುತ್ತೆ. ಅದು ಹರಿದ್ರೆ ಮಿದುಳಿನ ಸುತ್ತಲಿನ ದ್ರವ ಸೋರುತ್ತೆ. 2009ರಲ್ಲಿ ಅಮೆರಿಕದ ಥಾಮಸ್ ಬಾಲ್ಕನಿ ತಂಡ ಬೇರೆ ದಾರಿ ಬರೆದ್ರು: ದಾರದಿಂದ ಕಟ್ಟೋದೇ ಬೇಡ, ಮೂಳೆಗೆ ಅಂಟಿಕೊಂಡ ಪೊರೆ ಎಬ್ಬಿಸಿ ಅಳತೆಗೆ ಸರಿಯಾದ ಬಿಗಿ ಜೇಬು ಮಾಡಿ, ಬಿಲ್ಲೆ ಒಳಗೆ ತಳ್ಳೋದು. ಯಾವುದು ಮೇಲು ಅಂತ ಡಾಕ್ಟರುಗಳ ವಾದ ಇನ್ನೂ ಮುಗಿದಿಲ್ಲ.

ಬಿಗಿ ಮಾಡೋಕೆ ಹೋಗಿ ಅನಾಹುತವಾಗಿದ್ದೂ ಇದೆ. ಒಂದು ಮಾದರಿಯಲ್ಲಿ ತಂತಿಯನ್ನ ನರದ ಹತ್ತಿರಕ್ಕೆ ಒತ್ತಿ ಹಿಡಿಯೋಕೆ ಪಕ್ಕದಲ್ಲಿ ಸಿಲಿಕೋನ್ ತುಂಡು ಇಡ್ತಿದ್ರು. ಅದನ್ನ ಹಾಕಿಸಿಕೊಂಡ ಮಕ್ಕಳಲ್ಲಿ ಮಿದುಳುಪೊರೆಯ ಉರಿಯೂತ, ಅಂದ್ರೆ ಮೆನಿಂಜೈಟಿಸ್, ಹೆಚ್ಚು ಕಂಡುಬಂತು. 2002ರಲ್ಲಿ ಅದನ್ನ ಮಾರುಕಟ್ಟೆಯಿಂದ ವಾಪಸ್ ತಗೊಂಡ್ರು. ಈಗ ತಂತಿ ಒಳಹೋದ ಕಿಂಡಿಯ ಸುತ್ತ ರೋಗಿಯದೇ ಮಾಂಸದ ಚೂರು ತುಂಬಿ ಮುಚ್ತಾರೆ. ಆಪರೇಷನ್‌ಗೆ ಮೊದಲೇ ನ್ಯುಮೋಕಾಕಲ್ ಲಸಿಕೆ ಹಾಕ್ತಾರೆ.

ನಮ್ಮ ಪುಟ್ಟನಿಗೂ ಆ ಇಂಜೆಕ್ಷನ್ ಹಾಕಿಸಿದ್ರು. ಕಿವಿ ಆಪರೇಷನ್‌ಗೆ ಇದ್ಯಾಕೆ ಅಂತ ಅವತ್ತು ಆಸ್ಪತ್ರೆ ಬೆಂಚಿನ ಮೇಲೆ ಗೊಣಗಿದ್ದು ನಾನೇ.