ಮಂಗಳನ ಗಾಳಿಯಂತ್ರದ ಜಾತಕ

ಎಡ್ಗರ್ ರೈಸ್ ಬರೋಸ್ ಬರೆದ 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಕಾದಂಬರಿಯ ಇಪ್ಪತ್ತನೆಯ ಅಧ್ಯಾಯದಲ್ಲಿ ಒಂದು ಕಾರ್ಖಾನೆ ಬರುತ್ತದೆ. ಒಣಗಿ ಮುದಿಯಾಗಿರುವ ಮಂಗಳಗ್ರಹದ ಜೀವಿಗಳು ಉಸಿರಾಡುವ ಗಾಳಿ ತಯಾರಾಗುವುದು ಅಲ್ಲಿಯೇ. ಗೋಡೆಗಳ ದಪ್ಪ 150 ಅಡಿ. ಚಾವಣಿಯ ಉಪಕರಣಗಳು ಬಿಸಿಲಿನಿಂದ 'ಒಂಬತ್ತನೆಯ ಕಿರಣ'ವನ್ನು ಬೇರ್ಪಡಿಸುತ್ತವೆ. ಅದನ್ನು ವಿದ್ಯುತ್ತಿನಿಂದ ಸಂಸ್ಕರಿಸಿ, ಪಂಪುಗಳ ಮೂಲಕ ಗ್ರಹದ ಐದು ಕೇಂದ್ರಗಳಿಗೆ ಕಳಿಸುತ್ತಾರೆ. ಅಲ್ಲಿ ಈಥರ್ ಸೋಕಿದೊಡನೆ ಅದು ಗಾಳಿಯಾಗುತ್ತದೆ. ಕಾವಲಿನ ಮುದುಕ 800 ವರ್ಷಗಳಿಂದ ಆ ಪಂಪುಗಳನ್ನು ನೋಡಿಕೊಳ್ಳುತ್ತಿದ್ದಾನೆ.

ಈ ಯಂತ್ರ ಯಾವ ಕಾಲದ್ದು? ಕತೆ ಹೇಳುವ ವಯಸ್ಸು ಒಂದಾದರೆ, ಅದರ ಬಿಡಿಭಾಗಗಳು ಹೇಳುವ ವಯಸ್ಸು ಇನ್ನೊಂದು. ನಾನು ಹುಡುಕಹೊರಟದ್ದು ಎರಡನೆಯದನ್ನು.

ಮೇಲಿನ ಗಡಿ ಸುಲಭವಾಗಿ ಸಿಕ್ಕಿತು. ಬರೋಸ್ ಬರೆಯತೊಡಗಿದ್ದು 1911ರಲ್ಲಿ. 1912ರ ಫೆಬ್ರವರಿಯಿಂದ ಜುಲೈವರೆಗೆ 'ಆಲ್-ಸ್ಟೋರಿ' ಪತ್ರಿಕೆಯಲ್ಲಿ ಕತೆ ಕಂತುಗಳಾಗಿ ಬಂತು, ನಾರ್ಮನ್ ಬೀನ್ ಎಂಬ ಹೆಸರಿನಲ್ಲಿ. ಪುಸ್ತಕವಾದದ್ದು 1917ರಲ್ಲಿ. ಕಾರ್ಖಾನೆ ಪುಸ್ತಕಕ್ಕೆಂದು ಆಮೇಲೆ ಸೇರಿಸಿದ್ದಿರಬಹುದೇ? ಅದು ಅಸಂಭವ. ಯಂತ್ರ ನಿಂತುಹೋಗುವುದೇ ಕತೆಯ ಕೊನೆ. ಅದನ್ನು ತೆಗೆದರೆ ಕತೆ ಮುಗಿಯುವುದೇ ಇಲ್ಲ.

ಕೆಳಗಿನ ಗಡಿಗೆ ಮೊದಲು ಹೊಳೆದ ಹೆಸರು ಪರ್ಸಿವಲ್ ಲೊವೆಲ್. 1895, 1906 ಮತ್ತು 1908ರಲ್ಲಿ ಬಂದ ಮೂರು ಪುಸ್ತಕಗಳಲ್ಲಿ ಈ ಖಗೋಳಜ್ಞ, ಮಂಗಳವಾಸಿಗಳು ಧ್ರುವಗಳ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹರಿಸಿ ಬದುಕಿದ್ದಾರೆಂದು ವಾದಿಸಿದ. ಬರೋಸ್‌ನ ಮಂಗಳದಲ್ಲಿಯೂ ಬತ್ತಿದ ಸಮುದ್ರಗಳಿವೆ, ಕಾಲುವೆಯ ಬೇಸಾಯವಿದೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಲೊವೆಲ್ ಚಿಂತಿಸಿದ್ದು ಮುಖ್ಯವಾಗಿ ನೀರನ್ನು. ಗಾಳಿ ತಯಾರಿಸುವ ಕಾರ್ಖಾನೆ ಅವನ ಮಂಗಳದಲ್ಲಿಲ್ಲ. ಪುಟ್ಟ ಗ್ರಹಗಳು ಹಗುರ ಅನಿಲಗಳನ್ನು ಹಿಡಿದಿಟ್ಟುಕೊಳ್ಳಲಾರವೆಂದು ಐರ್ಲೆಂಡಿನ ಜಾನ್‌ಸ್ಟನ್ ಸ್ಟೋನಿ 1890ರ ದಶಕದಲ್ಲಿಯೇ ಬರೆದಿದ್ದ. ವಿಚಾರ ಚಾಲ್ತಿಯಲ್ಲಿತ್ತು ಎನ್ನುವುದು ಬೇರೆ, ಬರೋಸ್ ಅದನ್ನು ಓದಿದ್ದ ಎನ್ನುವುದು ಬೇರೆ. ಹೋಲಿಕೆಯೊಂದನ್ನೇ ನಂಬಿ ಕಾಲ ನಿರ್ಣಯಿಸಲಾಗದು. ಆ ದಾರಿಯನ್ನು ಕೈಬಿಟ್ಟೆ.

ಬಾಗಿಲು ತೆರೆದದ್ದು ಒಂದು ಅಡಿಟಿಪ್ಪಣಿ. ಕಾರ್ಖಾನೆಯಲ್ಲಿರುವುದು ಇಪ್ಪತ್ತು ರೇಡಿಯಂ ಪಂಪುಗಳು. ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಆದರೆ ಕತೆಯ ಒಳಲೆಕ್ಕದಲ್ಲಿ ನಾಯಕ ಜಾನ್ ಕಾರ್ಟರ್ ಮಂಗಳಕ್ಕೆ ಹೋದದ್ದು 1866ರಲ್ಲಿ, ಭೂಮಿಯ ಮೇಲೆ ತೀರಿಕೊಂಡದ್ದು 1886ರಲ್ಲಿ. ತನ್ನ ಹಸ್ತಪ್ರತಿಯನ್ನು ಹನ್ನೊಂದು ವರ್ಷ ಓದಕೂಡದು, ಇಪ್ಪತ್ತೊಂದು ವರ್ಷ ಬಹಿರಂಗ ಮಾಡಕೂಡದು ಎಂದು ಕಟ್ಟುಮಾಡಿ ಹೋದವನು ಅವನು. 1886ರೊಳಗೆ ಬರೆದ ಹಸ್ತಪ್ರತಿಯಲ್ಲಿ ರೇಡಿಯಂ ಹೇಗೆ ಬಂತು?

ಈ ಎಡವಟ್ಟು ಬರೋಸ್‌ಗೆ ಗೊತ್ತಿತ್ತು. ಹದಿಮೂರನೆಯ ಅಧ್ಯಾಯದಲ್ಲಿ ಬಂದೂಕಿನ ಮದ್ದಿನ ಮಾತು ಬಂದಾಗ 'ಸಂಪಾದಕ' ಕೆಳಗೊಂದು ಸಮಜಾಯಿಷಿ ಕೊಡುತ್ತಾನೆ: ರೇಡಿಯಂ ಎಂಬ ಪದ ತನ್ನದು, ಇತ್ತೀಚಿನ ಸಂಶೋಧನೆಗಳ ಬೆಳಕಿನಲ್ಲಿ ಹಾಗೆ ಊಹಿಸಿದ್ದೇನೆ, ಹಸ್ತಪ್ರತಿಯಲ್ಲಿರುವುದು ಮಂಗಳದ ಲಿಪಿಯ ಒಂದು ಹೆಸರು. ಟಿಪ್ಪಣಿ ಇರುವುದು ಮದ್ದಿಗೆ, ಪಂಪಿಗಲ್ಲ ನಿಜ. ಆದರೆ ಅದು ಪಂಪಿಗಿಂತ ಏಳು ಅಧ್ಯಾಯ ಮೊದಲೇ ಬರುವುದರಿಂದ ಎರಡಕ್ಕೂ ಸಲ್ಲುತ್ತದೆಂದು ಓದುವುದರಲ್ಲಿ ತಪ್ಪು ಕಾಣದು. ಕೆಳಗಿನ ಗಡಿ ಈಗ ಗಟ್ಟಿಯಾಯಿತು: ಯಂತ್ರ 1898ಕ್ಕಿಂತ ಹಳೆಯದಲ್ಲ. ಕಾಲದ ತೊಡಕನ್ನು ಮುಂದಾಗಿಯೇ ಕಂಡು ಟಿಪ್ಪಣಿ ಹಾಕಿದ ಲೇಖಕನನ್ನು ಮನಬಂದಂತೆ ಬರೆದವನೆನ್ನಲಾಗದು.

ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಾವಲಿನ ಇಬ್ಬರು ತಲಾ ಅರ್ಧ ಮಂಗಳವರ್ಷ ಅಲ್ಲಿ ಒಂಟಿಯಾಗಿ ಕಳೆಯುತ್ತಾರೆ, ಅಂದರೆ ನಮ್ಮ ಸುಮಾರು 344 ದಿನ. ಮಂಗಳದ ವರ್ಷ ನಮ್ಮ 687 ದಿನ. ಅರ್ಧ ಮಾಡಿದರೆ 343.5. ಇದು ಖಗೋಳದ ಪುಸ್ತಕ ತೆರೆದಿಟ್ಟು ಹಾಕಿದ ಲೆಕ್ಕ.

ಇಷ್ಟು ಜಾಗರೂಕನಾದವನ ಕತೆಯಲ್ಲಿ ಮುಂದಿನ ವಿರೋಧ ನನ್ನನ್ನು ಬಹಳ ಕಾಡಿತು. ಸಾವಿರ ವರ್ಷಕ್ಕೆ ಸಾಲುವಷ್ಟು ಕಿರಣದ ದಾಸ್ತಾನಿದೆ ಎನ್ನುತ್ತಾನೆ ಮುದುಕ. ಕೊನೆಯಲ್ಲಿ ಯಂತ್ರ ನಿಂತಾಗ ಗ್ರಹಕ್ಕೆ ಉಳಿಯುವುದು ಹೆಚ್ಚೆಂದರೆ ಮೂರು ದಿನ! ಮುದುಕನ ಮಾತನ್ನು ಮತ್ತೆ ನೋಡಿದರೆ ಪಾಠದೊಳಗಿನ ವಿರೋಧ ಕರಗುತ್ತದೆ: ದಾಸ್ತಾನಿರುವುದು ಕಿರಣದ್ದು, ಗಾಳಿಯದ್ದಲ್ಲ. ಅವನಿಗಿದ್ದ ಭಯವೂ ಒಂದೇ, ಪಂಪುಗಳಿಗೆ ಏನಾದರೂ ಆದರೆ ಎಂದು.

ಆದರೂ ಮೂರು ದಿನ? ಮಂಗಳದಿಂದ ಗಾಳಿ ಸೋರುವುದನ್ನು ಈಗ ಅಳೆದಿದ್ದಾರೆ. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇವನ್ ನೌಕೆಯೂ ನಮ್ಮ ಇಸ್ರೋದ ಮಂಗಳಯಾನವೂ ಕೆಲವೇ ದಿನಗಳ ಅಂತರದಲ್ಲಿ ಅಲ್ಲಿಗೆ ತಲುಪಿದವು. ಸೌರಮಾರುತ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲವನ್ನು ಕಿತ್ತೊಯ್ಯುತ್ತದೆಂದು ಮೇವನ್ ತಂಡ 2015ರಲ್ಲಿ ಪ್ರಕಟಿಸಿತು. ಆ ಲೆಕ್ಕದಲ್ಲಿ ಮೂರು ದಿನಕ್ಕೆ 26 ಟನ್. ಇಡೀ ಗ್ರಹದ ಗಾಳಿಯ ಮುಂದೆ ಏನೇನೂ ಅಲ್ಲ. ಸ್ಟೋನಿಯ ಸಿದ್ಧಾಂತದಿಂದಲೂ ಇಂಥ ಅವಸರ ಹುಟ್ಟದು. ಆದ್ದರಿಂದ ನನ್ನ ತೀರ್ಮಾನ ಹೀಗೆ: ವರ್ಷದ ಲೆಕ್ಕ ಖಗೋಳದ ಪುಸ್ತಕದ್ದು, ರೇಡಿಯಂ 1898ರ ನಂತರದ ಸುದ್ದಿಯದ್ದು, ಮೂರು ದಿನದ ಗಡುವು ಮಾತ್ರ ಕತೆಗಾರನದು. ನಾಯಕ ಓಡಿಬಂದು ಬಾಗಿಲು ತೆರೆಯಲು ಅವನಿಗೆ ಅಷ್ಟೇ ಸಮಯ ಬೇಕಿತ್ತು.

ಇನ್ನು ಮುದುಕನ 800 ವರ್ಷ. ಅರ್ಧವರ್ಷವನ್ನು ನಮ್ಮ ದಿನಗಳಿಗೆ ತಿರುಗಿಸಿಕೊಟ್ಟ ಬರೋಸ್ ಇದನ್ನು ತಿರುಗಿಸದೆ ಬಿಟ್ಟಿದ್ದಾನೆ. ಮಂಗಳದ ವರ್ಷಗಳಾದರೆ ಅದು ನಮ್ಮ 1,500ಕ್ಕೂ ತುಸು ಹೆಚ್ಚು. ಎರಡರಲ್ಲಿ ಯಾವುದನ್ನು ಹಿಡಿದರೂ ಅದು ಮುದುಕ ಕೆಲಸಕ್ಕೆ ಸೇರಿದ ದಿನವನ್ನು ಹೇಳುತ್ತದೆಯೇ ಹೊರತು, ಯಂತ್ರ ಕಟ್ಟಿದ ದಿನವನ್ನಲ್ಲ.